ಮನೆಯಲ್ಲಿ ಮಗು, ಕೈಯಲ್ಲಿ ಕೇಸು: ಒಂಟಿ ತಾಯಿ ಪೊಲೀಸ್ ಆಗಿರುವ ಥ್ರಿಲ್ಲರ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ರಾತ್ರಿ ಹನ್ನೊಂದಕ್ಕೆ ಠಾಣೆಯಿಂದ ಫೋನ್ ಬರುತ್ತದೆ: ಹೆಣ ಸಿಕ್ಕಿದೆ, ಈಗಲೇ ಹೊರಡಬೇಕು. ಮಲಗಿರುವ ಮಗುವನ್ನು ಯಾರ ಹತ್ತಿರ ಬಿಡುವುದು? ಒಂಟಿ ತಾಯಿ ಪೊಲೀಸ್ ಅಧಿಕಾರಿಯಾಗಿರುವ ಕಥೆ ಗಟ್ಟಿಯೋ ಟೊಳ್ಳೋ ಎಂಬುದನ್ನು ಈ ಪ್ರಶ್ನೆಯೊಂದೇ ಹೇಳಿಬಿಡುತ್ತದೆ. ಬರೆದವರು ಇದಕ್ಕೆ ಉತ್ತರ ಯೋಚಿಸಿದ್ದರೆ ಅಜ್ಜಿಯೋ ತಂಗಿಯೋ ಮಾಜಿ ಗಂಡನೋ ಕಥೆಯೊಳಗೆ ಬರುತ್ತಾರೆ, ಅವರ ಹಿಂದೆ ಅವರ ಕಷ್ಟಗಳೂ ಬರುತ್ತವೆ. ಯೋಚಿಸದಿದ್ದರೆ ಮಗು ಎಲ್ಲೋ ಒಂದು ಕೋಣೆಯಲ್ಲಿ ಮಲಗಿರುತ್ತದೆ, ಕೊನೆಯ ಕಂತಿನಲ್ಲಿ ಕೊಲೆಗಾರ ಬಂದು ಎತ್ತಿಕೊಂಡು ಹೋಗುವವರೆಗೂ ಯಾರಿಗೂ ಅದರ ನೆನಪಿರುವುದಿಲ್ಲ.

ಈ ಬಗೆಯ ಸರಣಿಗಳು, ಸಿನಿಮಾಗಳು, ಕಾದಂಬರಿಗಳು ಈಗ ಬೇಕಾದಷ್ಟಿವೆ. ಎಲ್ಲದರ ಜಾಹೀರಾತೂ ಒಂದೇ ತರಹ: ದಣಿದ ಮುಖದ ಹೆಂಗಸು, ಮಂಜು ಮುಸುಕಿದ ಊರು, ಸತ್ತ ಹುಡುಗಿ. ಒಳಗಿರುವ ಸರಕು ಮಾತ್ರ ಬೇರೆಬೇರೆ. ಮೊದಲ ಒಂದು ಗಂಟೆಯಲ್ಲಿ ಮೂರು ಸಂಗತಿ ಗಮನಿಸಿದರೆ ಮುಂದೆ ನೋಡಬೇಕೋ ಬಿಡಬೇಕೋ ಗೊತ್ತಾಗುತ್ತದೆ. ಮಗುವಿಗೆ ಹೆಸರು, ವಯಸ್ಸು, ಶಾಲೆ, ತನ್ನದೇ ಒಂದು ಸಿಟ್ಟು ಇದೆಯೇ? ಮಗುವನ್ನು ನೋಡಿಕೊಳ್ಳುವವರಿಗೂ ಸ್ವಂತ ಬದುಕು ಇದೆಯೇ? ಅವಳು ಮನೆಯಲ್ಲಿ ತಪ್ಪಿಸಿದ ಒಂದು ಸಣ್ಣ ಕೆಲಸಕ್ಕೆ ಮುಂದೆ ಬೆಲೆ ತೆರಬೇಕಾಗುತ್ತದೆಯೇ? ಮೂರಕ್ಕೂ ಇಲ್ಲ ಎಂದಾದರೆ ಒಂಟಿ ತಾಯ್ತನ ಅಲ್ಲಿ ಬರೀ ಅಲಂಕಾರ.

ಕೆಳಗಿನ ಹೋಲಿಕೆಯಲ್ಲಿ ಕೊಲೆಗಾರ ಯಾರೆಂದು ಎಲ್ಲೂ ಹೇಳಿಲ್ಲ. ಮೊದಲ ಕೆಲವು ಕಂತುಗಳಲ್ಲಿ ಗೊತ್ತಾಗುವ ವಿಷಯಗಳು ಮಾತ್ರ ಇವೆ. ಒಂದೆಡೆ ಅದನ್ನು ಸ್ವಲ್ಪ ಮೀರಬೇಕಾಗಿದೆ, ಅಲ್ಲಿ ಮೊದಲೇ ಎಚ್ಚರಿಸಿದ್ದೇವೆ.

ಹ್ಯಾಪಿ ವ್ಯಾಲಿ: ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ಭಾರ

ಬಿಬಿಸಿ ಒನ್‌ನಲ್ಲಿ 2014, 2016 ಮತ್ತು 2023ರಲ್ಲಿ ಮೂರು ಸೀಸನ್ ಬಂದವು. ತಲಾ ಆರು ಕಂತು, ಒಟ್ಟು 18. ಬರೆದವರು ಸ್ಯಾಲಿ ವೇನ್‌ರೈಟ್. ಕಥೆ ನಡೆಯುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನ ಕಾಲ್ಡರ್ ಕಣಿವೆಯಲ್ಲಿ. ಸಾರಾ ಲ್ಯಾಂಕಾಶೈರ್ ಮಾಡಿದ ಕ್ಯಾಥರೀನ್ ಕೇವುಡ್ ನಲವತ್ತೇಳು ವಯಸ್ಸಿನ, ವಿಚ್ಛೇದನವಾಗಿರುವ ಸಾರ್ಜೆಂಟ್. ಮಗಳು ಬೆಕಿ ಆತ್ಮಹತ್ಯೆ ಮಾಡಿಕೊಂಡಿದ್ದಾಳೆ. ಬೆಕಿಯ ಮೇಲೆ ನಡೆದ ಅತ್ಯಾಚಾರದಿಂದ ಹುಟ್ಟಿದ ರಯಾನ್‌ನನ್ನು ಸಾಕುತ್ತಿರುವವಳು ಕ್ಯಾಥರೀನ್. ಹಾಗಾಗಿ ಲೆಕ್ಕಕ್ಕೆ ಅವಳು ಅಜ್ಜಿ, ಬದುಕಿನಲ್ಲಿ ಒಂಟಿ ತಾಯಿ. ಆ ಅತ್ಯಾಚಾರಿ ಟಾಮಿ ಲೀ ರಾಯ್ಸ್ ಜೈಲಿನಿಂದ ಹೊರಬಂದಿದ್ದಾನೆ ಎಂಬ ಸುದ್ದಿಯಿಂದ ಕಥೆ ಶುರು.

ಮೊದಲ ಸೀಸನ್‌ನ ಅಪಹರಣದ ಪ್ರಕರಣ ಹೆಣೆದ ರೀತಿಯನ್ನು ನೋಡಿ. ಮಗಳನ್ನು ಒಳ್ಳೆಯ ಶಾಲೆಗೆ ಸೇರಿಸಲು ದುಡ್ಡು ಬೇಕೆಂದು ಸಂಬಳ ಹೆಚ್ಚಿಸುವಂತೆ ಕೇಳಿದ ಒಬ್ಬ ಅಕೌಂಟೆಂಟ್, ಧಣಿ ಒಪ್ಪದಿದ್ದಾಗ ಆ ಧಣಿಯ ಮಗಳನ್ನೇ ಅಪಹರಿಸುವ ದಾರಿಯನ್ನು ಬೇರೆಯವರಿಗೆ ಹೇಳಿಕೊಡುತ್ತಾನೆ. ಹೆತ್ತವರ ಆಸೆ, ಹೆತ್ತವರ ಭಯ, ಹೆತ್ತವರ ಸೇಡು ಈ ಮೂರರಲ್ಲೇ ಇಡೀ ಕೇಸು ನಡೆಯುತ್ತದೆ. ಕ್ಯಾಥರೀನ್‌ಳ ಮನೆಯ ಕಥೆಯನ್ನು ತೆಗೆದುಹಾಕಿದರೆ ಪೊಲೀಸ್ ಕಥೆಯೂ ಉಳಿಯುವುದಿಲ್ಲ. ಈ ಪ್ರಕಾರದಲ್ಲಿ ಇಷ್ಟು ಬಿಗಿಯಾದ ಹೆಣಿಗೆ ಅಪರೂಪ.

ರಾತ್ರಿ ಹನ್ನೊಂದರ ಪ್ರಶ್ನೆಗೆ ಇಲ್ಲಿನ ಉತ್ತರ ತಂಗಿ ಕ್ಲೇರ್. ಕುಡಿತ ಮತ್ತು ಮಾದಕ ವ್ಯಸನದಿಂದ ಹೊರಬಂದು ಅಕ್ಕನ ಮನೆಯಲ್ಲಿರುವವಳು. ಅವಳು ನೆಟ್ಟಗಿದ್ದರೆ ಮಾತ್ರ ಕ್ಯಾಥರೀನ್ ಡ್ಯೂಟಿಗೆ ಹೋಗಬಹುದು. ಹಾಗಾಗಿ ಕ್ಲೇರ್ ತಡವಾಗಿ ಮನೆಗೆ ಬಂದರೂ ನೋಡುವವರ ಎದೆ ಢವಢವ ಎನ್ನುತ್ತದೆ. ಆ ಆತಂಕ ಗುಂಡಿನ ಕಾಳಗದಿಂದ ಹುಟ್ಟಿದ್ದಲ್ಲ, ಮನೆ ನಡೆಸುವ ಲೆಕ್ಕಾಚಾರದಿಂದ ಹುಟ್ಟಿದ್ದು.

ಕೊರತೆ? ಹಿಂಸೆ. ಮೊದಲ ಸೀಸನ್‌ನ ಮಧ್ಯಭಾಗದಲ್ಲಿ ಪೊಲೀಸರ ಮೇಲೆ ನಡೆಯುವ ಹಲ್ಲೆ ಕಣ್ಣೆತ್ತಿ ನೋಡಲಾಗದಷ್ಟು ಕ್ರೂರ. ಆತ್ಮಹತ್ಯೆ, ಅತ್ಯಾಚಾರದ ಮಾತು ಉದ್ದಕ್ಕೂ ಬರುತ್ತದೆ. ಮನೆಯಲ್ಲಿ ಅಂಥ ಸಾವು ಕಂಡವರಿದ್ದರೆ ಇದರಿಂದ ಶುರು ಮಾಡಬೇಡಿ. ಇನ್ನೊಂದು ತೊಡಕು ಯಾರ್ಕ್‌ಶೈರ್ ಉಚ್ಚಾರಣೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಸಬ್‌ಟೈಟಲ್ ಇಲ್ಲದಿದ್ದರೆ ಮೊದಲೆರಡು ಕಂತು ಅರ್ಧಂಬರ್ಧ ಅರ್ಥವಾಗುತ್ತದೆ.

ಸೀಸನ್‌ಗಳನ್ನು ಹಿಂದುಮುಂದು ನೋಡಲೇಬಾರದು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಏಳು ವರ್ಷದ ಅಂತರ ಬಿಟ್ಟರು. ರಯಾನ್‌ನ ಪಾತ್ರ ಮಾಡಿದ ರಿಸ್ ಕಾನಾ ನಿಜಕ್ಕೂ ಬೆಳೆದು ಹದಿನಾರರ ಹುಡುಗನಾಗಲಿ ಎಂದು ಕಾದರು. ಹುಡುಗ ಈಗ ತನ್ನ ತಂದೆ ಎಂಥವನೆಂದು ತಾನೇ ತೀರ್ಮಾನಿಸುವ ವಯಸ್ಸಿನವನು. ಮೂರನೇ ಸೀಸನ್ ನಿಂತಿರುವುದೇ ಅದರ ಮೇಲೆ. ಲ್ಯಾಂಕಾಶೈರ್ ಈ ಪಾತ್ರಕ್ಕೆ ಎರಡು ಬಾರಿ, 2017 ಮತ್ತು 2024ರಲ್ಲಿ, ಬ್ರಿಟನ್ನಿನ ಬಾಫ್ಟಾ ಟಿವಿ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು. ಎರಡಕ್ಕೂ ಅರ್ಹರು.

ಮೇರ್ ಆಫ್ ಈಸ್ಟ್‌ಟೌನ್: ಒಂದೇ ಸೀಸನ್, ಒಂದೇ ಕೇಸು

ಸಮಯ ಕಡಿಮೆ ಇರುವವರು ಇದನ್ನು ಹಿಡಿಯಿರಿ. ಎಚ್‌ಬಿಒ, 2021, ಏಳು ಕಂತು, ಕಂತಿಗೆ ಸುಮಾರು ಒಂದು ಗಂಟೆ. ಎರಡು ರಜಾದಿನದಲ್ಲಿ ಮುಗಿಯುತ್ತದೆ, ಕಥೆಯೂ ಪೂರ್ತಿಯಾಗಿ ಮುಗಿಯುತ್ತದೆ. ಬರೆದವರು ಬ್ರ್ಯಾಡ್ ಇಂಗಲ್ಸ್‌ಬಿ, ನಿರ್ದೇಶನ ಕ್ರೇಗ್ ಝೋಬೆಲ್. ಅಮೆರಿಕದ ಪೆನ್ಸಿಲ್ವೇನಿಯಾದ ಡೆಲವೇರ್ ಕೌಂಟಿಯ ಸಣ್ಣ ಊರು. ಕೇಟ್ ವಿನ್‌ಸ್ಲೆಟ್ ಡಿಟೆಕ್ಟಿವ್ ಸಾರ್ಜೆಂಟ್ ಮೇರ್ ಶೀಹನ್.

ಮೇರ್‌ಳ ಮನೆಯಲ್ಲಿ ನಾಲ್ಕು ತಲೆಮಾರು ಒಂದೇ ಸೂರಿನಡಿ ಇದ್ದಾರೆ: ಅವಳ ತಾಯಿ ಹೆಲನ್, ಮೇರ್, ಹದಿಹರೆಯದ ಮಗಳು ಶಿವಾನ್, ಸತ್ತುಹೋದ ಮಗನ ಮಗು ಡ್ರೂ. ಮಾಜಿ ಗಂಡ ಫ್ರಾಂಕ್ ಹಿತ್ತಿಲ ಬೇಲಿಯಾಚೆಯ ಮನೆಯಲ್ಲೇ ಇದ್ದಾನೆ, ಮರುಮದುವೆಗೆ ಸಿದ್ಧನಾಗಿದ್ದಾನೆ. ಕೂಡುಕುಟುಂಬದ ಜಗಳ ಗೊತ್ತಿರುವ ನಮ್ಮ ಓದುಗರಿಗೆ ಈ ಮನೆ ಪರಿಚಿತವೆನಿಸುತ್ತದೆ. ಹೆಲನ್ ಮತ್ತು ಮೇರ್ ಪರಸ್ಪರ ಚುಚ್ಚುವ ದೃಶ್ಯಗಳು ಕೊಲೆಯ ತನಿಖೆಗಿಂತ ಒಂದು ಕೈ ಮೇಲೆ.

ಕೊಲೆಯಾದ ಎರಿನ್ ಕೂಡ ಒಂಟಿ ತಾಯಿಯೇ, ಇನ್ನೂ ಹದಿಹರೆಯದವಳು. ಮಗುವಿನ ಕಿವಿಯ ಆಪರೇಷನ್‌ಗೆ ದುಡ್ಡು ಹೊಂದಿಸಲು ಪರದಾಡುತ್ತಿದ್ದವಳು. ವರ್ಷದ ಹಿಂದೆ ಕಾಣೆಯಾದ ಇನ್ನೊಬ್ಬ ಹುಡುಗಿಯ ತಾಯಿ ಕ್ಯಾನ್ಸರ್ ಇಟ್ಟುಕೊಂಡು ಮೊಮ್ಮಗಳನ್ನು ಸಾಕುತ್ತಿದ್ದಾಳೆ. ಡ್ರೂನ ತಾಯಿ ಕ್ಯಾರಿ ವ್ಯಸನದಿಂದ ಹೊರಬಂದು ಮಗನನ್ನು ವಾಪಸ್ ಕೇಳುತ್ತಿದ್ದಾಳೆ. ಒಂದೇ ಸ್ಥಿತಿಯ ನಾಲ್ಕು ಹೆಂಗಸರಲ್ಲಿ ಒಬ್ಬಳ ಕೈಯಲ್ಲಿ ಮಾತ್ರ ಪೊಲೀಸ್ ಬ್ಯಾಡ್ಜ್ ಇದೆ. ಆ ಅಸಮಾನತೆಯೇ ಈ ಸರಣಿಯ ನಿಜವಾದ ವಿಷಯ.

ಮೂರನೇ ಕಂತಿನವರೆಗೆ ಏನೂ ತಿಳಿಯಬಾರದು ಎನ್ನುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಮೊಮ್ಮಗ ಕೈತಪ್ಪುತ್ತಾನೆಂಬ ಭಯದಲ್ಲಿ ಮೇರ್ ತನ್ನ ಹುದ್ದೆಯನ್ನು ದುರ್ಬಳಕೆ ಮಾಡುತ್ತಾಳೆ, ಅದಕ್ಕೆ ಶಿಕ್ಷೆಯನ್ನೂ ಅನುಭವಿಸುತ್ತಾಳೆ. ಅವಳನ್ನು ಇಷ್ಟಪಡುತ್ತಲೇ ಅವಳು ಮಾಡಿದ್ದು ಅನ್ಯಾಯ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ನಾಯಕಿಯನ್ನು ತ್ಯಾಗಮಯಿ ತಾಯಿಯನ್ನಾಗಿ ಮಾಡಿ ಕೈತೊಳೆದುಕೊಳ್ಳುವ ಕಥೆಗಳಿಗಿಂತ ಇದು ಮೇಲೆ ನಿಲ್ಲುವುದು ಇದೇ ಕಾರಣಕ್ಕೆ.

ಹ್ಯಾಪಿ ವ್ಯಾಲಿಗೆ ಹೋಲಿಸಿದರೆ ರಕ್ತ ಕಡಿಮೆ, ದುಃಖ ಅಷ್ಟೇ. ಇಲ್ಲಿಯೂ ಮಗನ ಆತ್ಮಹತ್ಯೆಯ ನೆರಳು ಉದ್ದಕ್ಕೂ ಇದೆ. ದಾರಿ ತಪ್ಪಿಸುವ ತಿರುವುಗಳು ಸ್ವಲ್ಪ ಜಾಸ್ತಿಯಾದವು ಎನ್ನಬಹುದು: ಊರಿನ ಪ್ರತಿ ಗಂಡಸಿನ ಮೇಲೂ ಒಂದೊಂದು ಕಂತು ಅನುಮಾನ ಬರುವಂತೆ ಮಾಡಿದ್ದಾರೆ. ಆದರೆ ಕೊನೆಯ ಕಂತು ಆ ದೋಷವನ್ನು ಮರೆಸುತ್ತದೆ. ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯ 16 ನಾಮನಿರ್ದೇಶನಗಳಲ್ಲಿ ನಾಲ್ಕು ಗೆದ್ದಿತು, ಅದರಲ್ಲಿ ಮೂರು ನಟನೆಗೆ: ವಿನ್‌ಸ್ಲೆಟ್, ಜೂಲಿಯಾನ್ ನಿಕಲ್ಸನ್, ಇವಾನ್ ಪೀಟರ್ಸ್.

ದ ಕಿಲ್ಲಿಂಗ್: ಡೆನ್ಮಾರ್ಕಿನದೋ ಅಮೆರಿಕದ್ದೋ?

ಇಲ್ಲಿ ಬಹಳ ಜನ ಎಡವುತ್ತಾರೆ, ಹಾಗಾಗಿ ಬಿಡಿಸಿ ಹೇಳಬೇಕು. ಮೂಲ ಸರಣಿ ಡ್ಯಾನಿಶ್ ಭಾಷೆಯ ಫೋರ್‌ಬ್ರಿಡೆಲ್ಸನ್, 2007ರಿಂದ 2012. ಸೋರನ್ ಸ್ವೈಸ್ಟ್ರಪ್ ಸೃಷ್ಟಿ. ಮೊದಲ ಸೀಸನ್ 20 ಕಂತು, ಮುಂದಿನ ಎರಡು ತಲಾ ಹತ್ತು. ಒಂದು ಕಂತಿಗೆ ತನಿಖೆಯ ಒಂದು ದಿನ. ಸೋಫಿ ಗ್ರೋಬೋಲ್ ಮಾಡಿದ ಸಾರಾ ಲುಂಡ್ ಮಗ ಮಾರ್ಕ್‌ನನ್ನು ಕರೆದುಕೊಂಡು ಸಂಗಾತಿಯ ಜೊತೆ ಸ್ವೀಡನ್‌ಗೆ ಹೊರಟಿದ್ದಾಳೆ. ಕೋಪನ್‌ಹೇಗನ್ ಪೊಲೀಸ್‌ನಲ್ಲಿ ಅದು ಅವಳ ಕೊನೆಯ ದಿನ. ಆಗ ಕೇಸು ಬರುತ್ತದೆ. ಹೋಗುವುದು ಒಂದು ದಿನ ಮುಂದಕ್ಕೆ, ಇನ್ನೊಂದು ದಿನ ಮುಂದಕ್ಕೆ ಎಂದು ತಳ್ಳುತ್ತಾ ಮಗನ ಜೊತೆಗಿನ ಸಂಬಂಧವೂ ಕಂತು ಕಂತಾಗಿ ಸವೆಯುತ್ತದೆ.

ಅಮೆರಿಕದ ದ ಕಿಲ್ಲಿಂಗ್ 2011ರಿಂದ 2014ರವರೆಗೆ ನಡೆಯಿತು. ನಗರ ಸಿಯಾಟಲ್, ನಾಯಕಿ ಸಾರಾ ಲಿಂಡನ್, ಪಾತ್ರಧಾರಿ ಮಿರೇ ಈನೋಸ್, ಮಗ ಜ್ಯಾಕ್. ಮೊದಲ ಮೂರು ಸೀಸನ್ ಎಎಂಸಿ ವಾಹಿನಿಯಲ್ಲಿ 13, 13, 12 ಕಂತು. ಕೊನೆಯದು ನೆಟ್‌ಫ್ಲಿಕ್ಸ್‌ನಲ್ಲಿ ಆರು ಕಂತು.

ಎಡವುವುದು ಎಲ್ಲಿ ಎಂದರೆ, ಅಮೆರಿಕದ ಮೊದಲ ಸೀಸನ್‌ನಲ್ಲಿ ಕೇಸು ಮುಗಿಯುವುದಿಲ್ಲ. ಕೊಲೆಗಾರ ಸಿಗುವುದು ಎರಡನೇ ಸೀಸನ್‌ನ ಕೊನೆಗೆ, ಅಂದರೆ 26 ಕಂತುಗಳ ನಂತರ. 2011ರಲ್ಲಿ ಇದೇ ಕಾರಣಕ್ಕೆ ಪ್ರೇಕ್ಷಕರು ಕೆಂಡಕಾರಿದ್ದರು. 13 ಕಂತು ನೋಡಿ ಉತ್ತರ ಸಿಗದೆ ಬಿಟ್ಟವರು ಇಂದಿಗೂ ಇದನ್ನು ಕೆಟ್ಟ ಸರಣಿ ಎನ್ನುತ್ತಾರೆ. ಮೊದಲೆರಡು ಸೀಸನ್ ಒಂದೇ ಕಥೆ ಎಂದು ಲೆಕ್ಕ ಹಾಕಿ ಕುಳಿತರೆ ಆ ನಿರಾಸೆ ಇರುವುದಿಲ್ಲ. ಇನ್ನೊಂದು ಮಾತು: ಎರಡೂ ದೇಶದ ಆವೃತ್ತಿಯಲ್ಲಿ ಅಪರಾಧಿ ಬೇರೆ. ಒಂದನ್ನು ನೋಡಿದ್ದರಿಂದ ಇನ್ನೊಂದು ಹಾಳಾಗುವುದಿಲ್ಲ.

ತಾಯ್ತನದ ವಿಷಯಕ್ಕೆ ಬಂದರೆ ಅಮೆರಿಕದ ಆವೃತ್ತಿ ಒಂದು ಹೆಜ್ಜೆ ಮುಂದೆ. ಲಿಂಡನ್ ತಾನೇ ಸಾಕು ಮನೆಗಳಲ್ಲಿ ಬೆಳೆದವಳು. ಅವಳಿಗೆ ಆಸರೆಯಾಗಿರುವವಳು ಬಾಲ್ಯದಲ್ಲಿ ಅವಳ ಕೇಸು ನೋಡಿಕೊಂಡಿದ್ದ ಸಮಾಜ ಕಾರ್ಯಕರ್ತೆ ರೆಜಿ. ಮಗನ ಜೊತೆ ಮೊದಲು ರೆಜಿಯ ದೋಣಿಮನೆ, ಆಮೇಲೆ ಮೊಟೆಲ್ ಕೋಣೆ. ಜ್ಯಾಕ್ ಒಬ್ಬನೇ ಕೂತು ಕುರುಕು ತಿಂಡಿ ತಿನ್ನುವ ದೃಶ್ಯಗಳು ಬೇಸರ ತರಿಸುತ್ತವೆ, ತರಿಸಬೇಕಾದದ್ದೇ. ಬೇರೆಯವರ ಕಳೆದುಹೋದ ಮಕ್ಕಳನ್ನು ಹುಡುಕುವವಳು ಸ್ವಂತ ಮಗನನ್ನು ಕೋಣೆಯಲ್ಲಿ ಬಿಟ್ಟು ಹೋಗುತ್ತಾಳೆ. ಡ್ಯಾನಿಶ್ ಆವೃತ್ತಿಯಲ್ಲಿ ಲುಂಡ್ ಮಗನನ್ನು ತನ್ನ ಅಮ್ಮನ ಮನೆಯಲ್ಲಿ ಇಟ್ಟಿರುತ್ತಾಳೆ, ನಾವು ಅವನನ್ನು ಕಡಿಮೆ ನೋಡುತ್ತೇವೆ. ಅದರ ಬಲವಿರುವುದು ಬೇರೆಡೆ: ಪೊಲೀಸ್, ಸತ್ತ ಹುಡುಗಿಯ ಮನೆ, ನಗರದ ಮೇಯರ್ ಚುನಾವಣೆ ಈ ಮೂರನ್ನೂ ಸಮತೂಕದಲ್ಲಿ ನಡೆಸುತ್ತದೆ. ಮಗಳನ್ನು ಕಳೆದುಕೊಂಡ ಮನೆಯವರ ಶೋಕವನ್ನು ಇಪ್ಪತ್ತು ಕಂತು ಎಲ್ಲೂ ಅವಸರ ಮಾಡದೆ ತೋರಿಸುವ ಧೈರ್ಯ ಬೇರೆ ಸರಣಿಗಳಿಗಿಲ್ಲ.

ತೀರ್ಮಾನ: ತಾಯಿ-ಮಗನ ಕಥೆ ಮುಖ್ಯವಾದರೆ ಅಮೆರಿಕದ್ದು, ತನಿಖೆ ಮತ್ತು ಊರು ಮುಖ್ಯವಾದರೆ ಡೆನ್ಮಾರ್ಕಿನದು. ಡ್ಯಾನಿಶ್‌ನಲ್ಲಿ ಮಾತೆಲ್ಲ ಸಬ್‌ಟೈಟಲ್‌ನಲ್ಲೇ ಓದಬೇಕು, ಹಾಗಾಗಿ ಅಡುಗೆ ಮಾಡುತ್ತಾ ನೋಡುವ ಸರಣಿ ಅದಲ್ಲ. ಇದೇ ಡ್ಯಾನಿಶ್ ಕಥೆಯ ಹಿಂದಿ ರೂಪ 2025ರಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲಿ ಬಂತು, ಕೊಂಕಣಾ ಸೇನ್ ಶರ್ಮಾ ಪೊಲೀಸ್ ಅಧಿಕಾರಿ.

ದ ಬೇ ಮತ್ತು ಅನ್‌ಫರ್‌ಗಾಟನ್: ಕೆಲಸದ ಬಗ್ಗೆ ತಿಳಿಯಬೇಕೆನ್ನುವವರಿಗೆ

ಇವೆರಡೂ ಬ್ರಿಟನ್ನಿನ ಐಟಿವಿಯವು, ಸೀಸನ್‌ಗೆ ಆರು ಕಂತು. ದ ಬೇ 2019ರಲ್ಲಿ ಶುರುವಾಯಿತು, ಸ್ಥಳ ಲ್ಯಾಂಕಾಶೈರ್‌ನ ಕರಾವಳಿ ಊರು ಮೋರ್ಕಂಬ್. ಲೀಸಾ ಆರ್ಮ್‌ಸ್ಟ್ರಾಂಗ್ ಡಿಟೆಕ್ಟಿವ್ ಸಾರ್ಜೆಂಟ್. ಇಬ್ಬರು ಹದಿಹರೆಯದ ಮಕ್ಕಳು, ಮನೆಯಲ್ಲಿ ತಾಯಿ. ಅವಳ ಹೊಣೆ ಸಂತ್ರಸ್ತರ ಮನೆಯವರ ಜೊತೆಗಿರುವ ಕುಟುಂಬ ಸಂಪರ್ಕಾಧಿಕಾರಿಯದು. ಈ ಹುದ್ದೆಯನ್ನು ಸಮಾಧಾನ ಹೇಳುವ ಕೆಲಸ ಎಂದುಕೊಳ್ಳುವುದು ತಪ್ಪು. ಇಂಗ್ಲೆಂಡಿನಲ್ಲಿ ಈ ಅಧಿಕಾರಿ ಮೊದಲು ತನಿಖಾಧಿಕಾರಿ, ಆಮೇಲೆ ಆಸರೆ: ಮನೆಯವರಿಗೆ ಮಾಹಿತಿ ಕೊಡುತ್ತಲೇ ಅವರಿಂದ ಮಾಹಿತಿ ಪಡೆಯುತ್ತಿರುತ್ತಾನೆ, ಏಕೆಂದರೆ ಅಪರಾಧಿ ಅದೇ ಮನೆಯಲ್ಲಿರಬಹುದು. ಲೀಸಾಳ ಸಂಕಟ ಏನೆಂದರೆ, ಕೇಸಿನ ಶಂಕಿತನ ಜೊತೆ ಹಿಂದಿನ ರಾತ್ರಿ ತಾನೇ ಸಲಿಗೆಯಿಂದ ಇದ್ದಳೆಂಬುದು ಮೊದಲ ಕಂತಿನಲ್ಲೇ ಅವಳಿಗೆ ಗೊತ್ತಾಗುತ್ತದೆ. ಹೇಳಿದರೆ ಕೇಸು ಕೈಬಿಡಬೇಕು, ಬಚ್ಚಿಟ್ಟರೆ ಸಾಕ್ಷ್ಯವೇ ಕೆಡುತ್ತದೆ. ಕಾಣೆಯಾದ ಬೇರೆಯವರ ಮಕ್ಕಳ ಹಿಂದೆ ಅವಳು ಓಡಾಡುವಾಗ ಅವಳ ಮಕ್ಕಳು ಯಾರ ಸಹವಾಸಕ್ಕೆ ಬಿದ್ದರು ಎಂಬ ಎಳೆಯೂ ಚೆನ್ನಾಗಿದೆ. ನೆನಪಿಡಿ: ಮೂರನೇ ಸೀಸನ್‌ನಿಂದ ನಾಯಕಿ ಬದಲಾಗುತ್ತಾಳೆ. ಲೀಸಾಳಿಗಾಗಿ ನೋಡುವವರು ಮೊದಲ 12 ಕಂತಿಗೆ ನಿಲ್ಲಿಸಬಹುದು.

ಅನ್‌ಫರ್‌ಗಾಟನ್ ಹಳೆಯ, ಬಿಡಿಸದೆ ಉಳಿದ ಕೊಲೆಗಳದ್ದು. ಮೊದಲ ನಾಲ್ಕು ಸೀಸನ್‌ಗಳಲ್ಲಿ (2015ರಿಂದ 2021) ನಿಕೋಲಾ ವಾಕರ್ ಡಿಸಿಐ (ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್) ಕ್ಯಾಸಿ ಸ್ಟುವರ್ಟ್. ಗಂಡುಮಕ್ಕಳಿಬ್ಬರು, ಜೊತೆಗೆ ವಯಸ್ಸಾದ ತಂದೆ ಮಾರ್ಟಿನ್. ದಶಕಗಳ ಹಿಂದಿನ ಕೇಸಾದ್ದರಿಂದ ಇಲ್ಲಿ ಓಡಾಟ, ಬೆನ್ನಟ್ಟುವುದು ಇಲ್ಲ; ಕೂತು ಮಾತಾಡಿಸುವುದು, ಕಡತ ಓದುವುದು. ಮಕ್ಕಳನ್ನು ಬೆಳೆಸಿ ಮುಗಿಸುವ ಹೊತ್ತಿಗೆ ತಂದೆಯನ್ನು ನೋಡಿಕೊಳ್ಳುವ ಹೊಣೆ ಹೆಗಲೇರುವುದನ್ನು ಬೇರೆ ಯಾವ ಪೊಲೀಸ್ ಸರಣಿಯೂ ಇಷ್ಟು ಸಹಜವಾಗಿ ಹೇಳಿಲ್ಲ. ನಾಲ್ಕನೇ ಸೀಸನ್‌ನ ಆರಂಭದಲ್ಲಿ ಕ್ಯಾಸಿ ಪಿಂಚಣಿಗಾಗಿ ಜಗಳವಾಡುತ್ತಾಳೆ: 30 ವರ್ಷ ಪೂರ್ತಿಯಾಗಲು ಕೆಲವೇ ತಿಂಗಳು ಬಾಕಿ, ಅದಕ್ಕೂ ಮೊದಲು ಬಿಟ್ಟರೆ ಪೂರ್ಣ ಪಿಂಚಣಿ ಇಲ್ಲ, ಹಾಗಾಗಿ ಮನಸ್ಸಿಲ್ಲದೆ ಮತ್ತೆ ಕೆಲಸಕ್ಕೆ ಬರುತ್ತಾಳೆ. ಸರ್ಕಾರಿ ನೌಕರಿ ಮಾಡುವ ಯಾರಿಗಾದರೂ ಆ ಸಿಟ್ಟು ನಾಟುತ್ತದೆ. ಅವಳ ಜೊತೆಗಾರ ಸನ್ನಿ ಖಾನ್ (ಸಂಜೀವ್ ಭಾಸ್ಕರ್) ಕೂಡ ಇಬ್ಬರು ಹೆಣ್ಣುಮಕ್ಕಳ ಒಂಟಿ ತಂದೆ. ಈ ಸರಣಿಯ ಬಗ್ಗೆ ಅಂತರ್ಜಾಲದಲ್ಲಿ ಏನನ್ನೂ ಹುಡುಕಬೇಡಿ; ನಾಲ್ಕನೇ ಸೀಸನ್‌ನ ಮುಖ್ಯ ಘಟನೆ ಹುಡುಕಾಟದ ಮೊದಲ ಸಾಲಿನಲ್ಲೇ ಕಾಣುತ್ತದೆ.

ಬ್ರಿಟಿಷ್ ಸರಣಿ ನೋಡುವ ಮುನ್ನ ಎರಡು ವಿಷಯ ತಿಳಿದಿದ್ದರೆ ಅನುಕೂಲ. ಸಾರ್ಜೆಂಟ್ ಮತ್ತು ಡಿಟೆಕ್ಟಿವ್ ಸಾರ್ಜೆಂಟ್ ದರ್ಜೆಯಲ್ಲಿ ಒಂದೇ, ಕಾನ್‌ಸ್ಟೆಬಲ್‌ಗಿಂತ ಒಂದು ಮೆಟ್ಟಿಲು ಮೇಲೆ. ಒಬ್ಬರು ಸಮವಸ್ತ್ರದಲ್ಲಿರುತ್ತಾರೆ, ಇನ್ನೊಬ್ಬರು ಪತ್ತೆದಾರಿ ವಿಭಾಗದಲ್ಲಿ. ಎರಡನೆಯದು ಗಡಿಯಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ ಪ್ರಕಾರ ಆರೋಪ ಹೊರಿಸದೆ ಶಂಕಿತನನ್ನು ಸಾಮಾನ್ಯವಾಗಿ 24 ಗಂಟೆ ಮಾತ್ರ ಇಟ್ಟುಕೊಳ್ಳಬಹುದು. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ ಅದನ್ನು 36ಕ್ಕೆ ಏರಿಸಬಹುದು, ಮ್ಯಾಜಿಸ್ಟ್ರೇಟ್ ಒಪ್ಪಿದರೆ ಗರಿಷ್ಠ 96. ನಾಯಕಿ ಮಗನ ಶಾಲೆಯ ಸಭೆ ತಪ್ಪಿಸಿ ವಿಚಾರಣೆ ಕೊಠಡಿಯಲ್ಲೇ ಕೂರುವುದು ಸುಮ್ಮನೆ ಹಟಕ್ಕಲ್ಲ, ಆ ಗಂಟೆಗಳು ಮುಗಿದರೆ ಶಂಕಿತ ಹೊರಗೆ ಹೋಗುತ್ತಾನೆ.

ಹಗುರವಾದದ್ದು ಬೇಕೆ?

ಎಲ್ಲವೂ ಕತ್ತಲೆಯಾಗಬೇಕಿಲ್ಲ. ಫ್ರಾನ್ಸಿನ ಟಿಎಫ್1 ವಾಹಿನಿಯ ಎಚ್‌ಪಿಐ (2021) ಮೂರು ಮಕ್ಕಳ ಒಂಟಿ ತಾಯಿ ಮೋರ್ಗಾನ್‌ಳದ್ದು. ಲೀಲ್ ನಗರದ ಪೊಲೀಸ್ ಕಚೇರಿಯಲ್ಲಿ ಕಸ ಗುಡಿಸುವವಳು, ಐಕ್ಯೂ 160. ರಾತ್ರಿ ಗುಡಿಸುವಾಗ ಕೇಸಿನ ಕಾಗದ ನೋಡಿ ತಪ್ಪು ಹುಡುಕುತ್ತಾಳೆ, ಸಲಹೆಗಾರ್ತಿಯಾಗುತ್ತಾಳೆ. ಕಂತಿಗೊಂದು ಕೇಸು. ಇದರ ಅಮೆರಿಕನ್ ರೂಪ ಹೈ ಪೊಟೆನ್ಷಿಯಲ್ 2024ರಲ್ಲಿ ಎಬಿಸಿಯಲ್ಲಿ ಶುರುವಾಯಿತು, ಮೊದಲ ಸೀಸನ್ 13 ಕಂತು. ಹಿರಿಮಗಳ ತಂದೆ ವರ್ಷಗಳ ಹಿಂದೆ ಕಾಣೆಯಾಗಿದ್ದಾನೆ, ಅವನ ಹುಡುಕಾಟ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಹದಿಹರೆಯದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಲು ಈ ಪಟ್ಟಿಯಲ್ಲಿ ಇವೆರಡೇ ಸರಿ. ತನಿಖೆಯ ವಿಧಾನ ನಿಜವಾದ ಪೊಲೀಸ್ ಕೆಲಸಕ್ಕೆ ಹತ್ತಿರವೂ ಇಲ್ಲ, ಅದನ್ನು ನಿರೀಕ್ಷಿಸಬೇಡಿ. ನಾಲ್ಕು ಮಕ್ಕಳಿಗಾಗಿ ಹತ್ತು ವರ್ಷ ಕೆಲಸ ಬಿಟ್ಟು ಮರಳಿದ ಅಧಿಕಾರಿಯ ಕಥೆಯಾದ ಕ್ಯಾಂಡಿಸ್ ರೆನ್ವಾರ್ ಇನ್ನೊಂದು ಫ್ರೆಂಚ್ ಸರಣಿ, ಸೆಟ್ ಎಂಬ ಕಡಲತೀರದ ಊರಿನದು.

ಅಮೆರಿಕದ ಸರಣಿ ಫಾರ್ಗೊದ ಮೂರನೇ ಸೀಸನ್ (2017, ಹತ್ತು ಕಂತು) ಕತ್ತಲೆಯ ಕಥೆಗೂ ಹಗುರ ಕಥೆಗೂ ನಡುವೆ ನಿಲ್ಲುತ್ತದೆ. ಗ್ಲೋರಿಯಾ ಬರ್ಗಲ್ ಮಿನೆಸೋಟದ ಪುಟ್ಟ ಊರಿನ ಪೊಲೀಸ್ ಮುಖ್ಯಸ್ಥೆ, ಮಗ ನೇಥನ್. ಅವಳ ಠಾಣೆಯನ್ನು ಕೌಂಟಿಯ ವ್ಯವಸ್ಥೆಗೆ ವಿಲೀನ ಮಾಡುತ್ತಿದ್ದಾರೆ, ಹುದ್ದೆ ಹೋಗುತ್ತಿದೆ. ತಾನಾಗಿ ತೆರೆಯುವ ಬಾಗಿಲುಗಳೂ ಅವಳನ್ನು ಗುರುತಿಸುವುದಿಲ್ಲ. ಪ್ರತಿ ಸೀಸನ್ ಬೇರೆ ಕಥೆಯಾದ್ದರಿಂದ ನೇರ ಮೂರನೆಯದಕ್ಕೇ ಹೋಗಬಹುದು.

ಎರಡೇ ಗಂಟೆ ಇದ್ದರೆ

ಸಿನಿಮಾದಲ್ಲಿ ಈ ವಿಷಯ ಸಾಮಾನ್ಯವಾಗಿ ಸೋಲುತ್ತದೆ. ಎರಡು ಗಂಟೆಯಲ್ಲಿ ಕೇಸನ್ನೂ ಮನೆಯನ್ನೂ ಕಟ್ಟಲು ಜಾಗ ಸಾಲದೆ ಮಗುವನ್ನು ಅಪಾಯಕ್ಕೆ ನೂಕಿ ಭಾವನೆ ಹುಟ್ಟಿಸುತ್ತಾರೆ. ಅನ್‌ಟ್ರೇಸಬಲ್ (2008) ಮೊದಲರ್ಧ ಚೆನ್ನಾಗಿದೆ: ಪೋರ್ಟ್‌ಲ್ಯಾಂಡ್‌ನ ಎಫ್‌ಬಿಐ ಸೈಬರ್ ವಿಭಾಗದ ವಿಧವೆ ಅಧಿಕಾರಿ (ಡಯಾನ್ ಲೇನ್) ರಾತ್ರಿ ಕೆಲಸ ಮಾಡುತ್ತಾಳೆ, ಮಗಳ ಜೊತೆ ಅಜ್ಜಿ ಇರುತ್ತಾಳೆ. ನೋಡುವವರ ಸಂಖ್ಯೆ ಹೆಚ್ಚಿದಷ್ಟೂ ಬೇಗ ಬಲಿ ಸಾಯುವಂತೆ ಮಾಡಿದ ಜಾಲತಾಣದ ಕಲ್ಪನೆ ಇಂದು ಇನ್ನೂ ಹತ್ತಿರವೆನಿಸುತ್ತದೆ. ಚಿತ್ರಹಿಂಸೆಯ ದೃಶ್ಯಗಳು ತೀರಾ ಉಗ್ರ. ಡಿಸ್ಟ್ರಾಯರ್ (2018) ಬೇರೆ ದಾರಿ ಹಿಡಿಯುತ್ತದೆ: ಲಾಸ್ ಏಂಜಲೀಸ್ ಡಿಟೆಕ್ಟಿವ್ ಎರಿನ್ ಬೆಲ್ (ನಿಕೋಲ್ ಕಿಡ್ಮನ್) ಮಗಳ ಪ್ರೀತಿ ಕಳೆದುಕೊಂಡಿರುವ ತಾಯಿ, ಮಗಳು ಬೆಳೆಯುತ್ತಿರುವುದು ಇನ್ನೊಬ್ಬರ ಮನೆಯಲ್ಲಿ. ಕಾಲವನ್ನು ಹಿಂದೆ ಮುಂದೆ ಮಾಡಿ ಹೇಳಿದ್ದಾರೆ, ಫೋನ್ ಬದಿಗಿಟ್ಟು ನೋಡಬೇಕು. ಎರಡರಲ್ಲಿ ಒಂದೆಂದರೆ ಡಿಸ್ಟ್ರಾಯರ್.

ಓದುವವರಿಗೆ

ಐರ್ಲೆಂಡಿನ ಪೆಟ್ರಿಷಿಯಾ ಗಿಬ್ನಿ ಬರೆಯುವ ಲಾಟಿ ಪಾರ್ಕರ್ ಕಾದಂಬರಿಗಳು 2017ರ ದ ಮಿಸ್ಸಿಂಗ್ ವನ್ಸ್‌ನಿಂದ ಶುರು. ಲಾಟಿ ಗಂಡನನ್ನು ಕಳೆದುಕೊಂಡ ಇನ್‌ಸ್ಪೆಕ್ಟರ್, ಮೂರು ಮಕ್ಕಳು. ದುಃಖ ಇನ್ನೂ ಹಸಿ, ಕೆಲಸದಲ್ಲಿ ಮುಳುಗಿ ಮರೆಯುವ ಪ್ರಯತ್ನ, ಮನೆಯಲ್ಲಿ ಮಕ್ಕಳ ಸಿಟ್ಟು. ಅಧ್ಯಾಯಗಳು ಚಿಕ್ಕವು, ಬಸ್ಸಿನಲ್ಲಿ ಓದಲು ಹೊಂದುತ್ತವೆ. ಸರಣಿಯ ಯಾವುದೋ ನಡುವಿನ ಪುಸ್ತಕ ಎತ್ತಿಕೊಂಡರೆ ಮಕ್ಕಳಿಗೆ ಹಿಂದೆ ಏನಾಯಿತೆಂಬುದು ಹಿಂಬದಿಯ ರಕ್ಷಾಪುಟದಲ್ಲೇ ಗೊತ್ತಾಗಿಬಿಡುತ್ತದೆ, ಮೊದಲನೆಯದರಿಂದಲೇ ಹೋಗಿ.

ಎಲಿ ಗ್ರಿಫಿತ್ಸ್ ಅವರ ರೂತ್ ಗ್ಯಾಲೋವೇ ಪೊಲೀಸ್ ಅಲ್ಲ, ಎಲುಬುಗಳನ್ನು ಪರೀಕ್ಷಿಸಿ ಪೊಲೀಸರಿಗೆ ನೆರವಾಗುವ ಪುರಾತತ್ವಜ್ಞೆ. 2009ರಿಂದ 2023ರವರೆಗೆ 15 ಕಾದಂಬರಿ, ಸ್ಥಳ ಇಂಗ್ಲೆಂಡಿನ ನಾರ್ಫಕ್ ಜೌಗುಭೂಮಿ. ಮಗಳು ಕೇಟ್ ಹುಟ್ಟುವುದಕ್ಕೂ ಮೊದಲಿನಿಂದ ಶಾಲೆಗೆ ಹೋಗುವವರೆಗೆ ಸರಣಿಯ ಜೊತೆಯಲ್ಲೇ ಬೆಳೆಯುತ್ತಾಳೆ. ಮಗುವನ್ನು ನೋಡಿಕೊಳ್ಳುವವರ ಸಮಯಕ್ಕೆ ಸರಿಯಾಗಿ ಉತ್ಖನನ ನಿಲ್ಲಿಸಿ ಕಾರು ಓಡಿಸುವ ತಾಯಿ ಇಲ್ಲಿದ್ದಾಳೆ. ರಕ್ತ ಕಡಿಮೆ, ಮನುಷ್ಯರು ಹೆಚ್ಚು. ಹಿಂಸೆ ಬೇಡವೆನ್ನುವ ಓದುಗರಿಗೆ ನಮ್ಮ ಮೊದಲ ಆಯ್ಕೆ ಇದೇ.

ನಮ್ಮಲ್ಲಿ ಏನಿದೆ?

ನೇರ ಉತ್ತರ: ಸರಿಯಾಗಿ ಈ ಚೌಕಟ್ಟಿಗೆ ಬರುವುದು ಕಡಿಮೆ. 2014ರ ಕನ್ನಡ ಸಿನಿಮಾ ‘ದೃಶ್ಯ’ದಲ್ಲಿ ಆಶಾ ಶರತ್ ಮಾಡಿದ ಐಜಿ ರೂಪಾ ತಾಯಿಯೂ ಪೊಲೀಸೂ ಹೌದು, ಆದರೆ ಒಂಟಿಯಲ್ಲ, ಮತ್ತು ಕಥೆ ಅವಳ ಎದುರಾಳಿಯ ಕಡೆಯಿಂದ ನಡೆಯುತ್ತದೆ. ಹಿಂದಿ ಸರಣಿ ದೆಹಲಿ ಕ್ರೈಮ್‌ನ (2019) ಪೊಲೀಸ್ ಅಧಿಕಾರಿ ವರ್ತಿಕಾಗೆ ಗಂಡ, ಮಗಳು ಇದ್ದಾರೆ. ಗಂಡನೂ ಪೊಲೀಸ್ ಅಧಿಕಾರಿ. ಆರಣ್ಯಕ್‌ನ (2021) ಕಸ್ತೂರಿ ಡೋಗ್ರಾ ಸಂಸಾರಕ್ಕಾಗಿ ರಜೆ ಹಾಕಲು ಹೊರಟಾಗಲೇ ಕೇಸು ಬರುತ್ತದೆ. ದಹಾಡ್‌ನ (2023) ಅಂಜಲಿಗೆ ಮದುವೆಯೇ ಆಗಿಲ್ಲ, ಅಮ್ಮನ ಒತ್ತಾಯ ಮಾತ್ರ ಇದೆ. ಈ ಮೂರರಲ್ಲಿ ಕೆಲಸ ಮತ್ತು ಮನೆಯ ಜಗ್ಗಾಟಕ್ಕಾಗಿ ಆರಣ್ಯಕ್, ಪೊಲೀಸ್ ಕೆಲಸದ ನಿಜಕ್ಕಾಗಿ ದೆಹಲಿ ಕ್ರೈಮ್‌ನ ಮೊದಲ ಸೀಸನ್ ನೋಡಿ. ಅದು 2020ರಲ್ಲಿ ಅತ್ಯುತ್ತಮ ನಾಟಕ ಸರಣಿಯ ಇಂಟರ್‌ನ್ಯಾಷನಲ್ ಎಮ್ಮಿ ಗೆದ್ದಿತು.

ಕನ್ನಡದಲ್ಲಿ ಇಂಥ ಕಥೆ ಬರೆಯಲು ಹೊರಟವರಿಗೆ ಸಾಮಗ್ರಿ ಇಲ್ಲವೆಂದಲ್ಲ. ಬಂದೋಬಸ್ತ್ ಡ್ಯೂಟಿ, ರಾತ್ರಿ ಗಸ್ತು, ಪೊಲೀಸ್ ಕ್ವಾರ್ಟರ್ಸ್‌ನ ಪಕ್ಕದ ಮನೆಯಾಕೆ, ಊರಿಂದ ಬಂದು ಆರು ತಿಂಗಳು ಇದ್ದು ಹೋಗುವ ಅಮ್ಮ, ಮಕ್ಕಳ ಪರೀಕ್ಷೆಗೆಂದು ಕೇಳಿ ಸಿಗದ ಶಿಶುಪಾಲನಾ ರಜೆ: ಹ್ಯಾಪಿ ವ್ಯಾಲಿಯ ಕ್ಲೇರ್‌ಗೆ ಸಮನಾದ ಪಾತ್ರಗಳು ನಮ್ಮ ಪ್ರತಿ ಠಾಣೆಯ ಸುತ್ತ ಇವೆ. ಅವನ್ನು ಕೇಸಿನ ಒಳಗೆ ತರುವ ಬರಹ ಬೇಕಾಗಿದೆ.

ಶುರು ಮಾಡುವ ಮುನ್ನ

ಇಂಥ ಸರಣಿ ಮೊದಲ ಬಾರಿ ನೋಡುವವರು ಮೇರ್ ಆಫ್ ಈಸ್ಟ್‌ಟೌನ್‌ನಿಂದ ಶುರು ಮಾಡಿ. ಅದು ಹಿಡಿಸಿದರೆ ಹ್ಯಾಪಿ ವ್ಯಾಲಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಕಂತು ಬೇಡ. ಮೇರ್‌ನಲ್ಲಿ ಮನೆಯ ಕಥೆ ಜಾಸ್ತಿಯಾಯಿತು ಅನಿಸಿದವರಿಗೆ ಡ್ಯಾನಿಶ್ ಫೋರ್‌ಬ್ರಿಡೆಲ್ಸನ್ ಹೊಂದುತ್ತದೆ. ಕತ್ತಲೆ ಜಾಸ್ತಿಯಾಯಿತು ಅನಿಸಿದವರಿಗೆ ಎಚ್‌ಪಿಐ ಅಥವಾ ರೂತ್ ಗ್ಯಾಲೋವೇ.

ಯಾವುದು ಎಲ್ಲಿ ಸಿಗುತ್ತದೆ ಎಂಬುದು ಬದಲಾಗುತ್ತಲೇ ಇರುತ್ತದೆ. ಎಚ್‌ಬಿಒ ಸರಣಿಗಳು ಭಾರತದಲ್ಲಿ ಹಾಟ್‌ಸ್ಟಾರ್‌ನಲ್ಲಿದ್ದವು, 2023ರಲ್ಲಿ ಜಿಯೋಸಿನಿಮಾಗೆ ಹೋದವು, 2025ರಲ್ಲಿ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಹಾಗಾಗಿ ಒಂದೇ ಸರಣಿಗಾಗಿ ವರ್ಷದ ಚಂದಾ ಕಟ್ಟುವ ಬದಲು ಮೊದಲು ಆ್ಯಪ್‌ನಲ್ಲಿ ಹೆಸರು ಹುಡುಕಿ, ಎಲ್ಲ ಸೀಸನ್ ಇವೆಯೇ ಎಂದು ಎಣಿಸಿ, ಆಮೇಲೆ ತಿಂಗಳ ಲೆಕ್ಕದಲ್ಲಿ ಕಟ್ಟಿ. ದ ಕಿಲ್ಲಿಂಗ್ ಎಂದು ಹುಡುಕಿದರೆ ಅದೇ ಹೆಸರಿನ ಹಳೆಯ ಸಿನಿಮಾವೂ ಬರುತ್ತದೆ; ನಾಯಕಿ ಲುಂಡ್ ಆಗಿದ್ದರೆ ಡೆನ್ಮಾರ್ಕಿನದು, ಲಿಂಡನ್ ಆಗಿದ್ದರೆ ಅಮೆರಿಕದ್ದು. ಮುಂದಿನ ಕಂತು ತಾನಾಗಿ ಶುರುವಾಗುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ. ಮುಂದಿನ ಕಂತಿನ ಚಿತ್ರ, ಒಂದು ಸಾಲಿನ ವಿವರಣೆ ಕಣ್ಣಿಗೆ ಬಿದ್ದರೆ ಯಾರು ಬದುಕಿದರು ಎಂಬುದು ಅಲ್ಲೇ ಬಯಲಾಗುತ್ತದೆ, ಅದರಲ್ಲೂ ಅನ್‌ಫರ್‌ಗಾಟನ್‌ನ ವಿಷಯದಲ್ಲಿ.